ತಾಯಿ ಬೇರೆ, ತಂದೆ ಒಬ್ಬನೇ

ನನ್ನ ಅಣ್ಣ ನಾಯಿಗೆ ಸಂಬಂಧ ನೋಡಲು ಹೊರಟಾಗ ಮೊದಲು ಯೋಚಿಸಿದ್ದು ಬರಿಯ ವಿಷಯ. ನಾಯಿಗೆ ಎಂಥ ಬರಿ ಎಂದು ನಾನು ಕೇಳಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವನು ಯಾವ ವಿಷಯವನ್ನೂ ಯೋಚಿಸುವುದನ್ನು ಬಿಟ್ಟಿದ್ದ. ಈಗ ಒಂದನ್ನು ಯೋಚಿಸುತ್ತಿದ್ದಾನಲ್ಲ, ದೇವರು ದೊಡ್ಡವನು ಎಂದು ಸುಮ್ಮನಿದ್ದೆ.

ಬರಿ ಎಂದರೇನೆಂದು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ತುಳುನಾಡಿನ ಹಲವು ಜಾತಿಗಳಲ್ಲಿ ಕುಲ ಬರುವುದು ತಾಯಿಯಿಂದ. ಆ ಕುಲಕ್ಕೆ ಬರಿ ಎನ್ನುತ್ತೇವೆ. ತಾಯಿಯ ಬರಿ ಮಕ್ಕಳಿಗೆಲ್ಲ ಬರುತ್ತದೆ, ಆದರೆ ಮುಂದಕ್ಕೆ ಹೋಗುವುದು ಹೆಣ್ಣುಮಕ್ಕಳಿಂದ ಮಾತ್ರ. ಗಂಡಿನ ಬರಿ ಅವನಲ್ಲೇ ಮುಗಿಯುತ್ತದೆ, ಅವನ ಮಕ್ಕಳದ್ದು ಅವರ ತಾಯಿಯ ಬರಿ. ಒಂದೇ ಬರಿಯವರಿಗೆ ಮದುವೆ ಇಲ್ಲ. ಮುಖ ಪರಿಚಯ ಇಲ್ಲದಿದ್ದರೂ ಅಣ್ಣ ತಂಗಿ ಲೆಕ್ಕ. ಬರಿ ಬೇರೆಯಾದರೆ ಸೋದರಮಾವನ ಮಗನನ್ನೂ ಮದುವೆಯಾಗಬಹುದು. ನನ್ನದು ಹಾಗೆಯೇ ಆದದ್ದು. ನನ್ನ ಗಂಡ ನನ್ನ ಅಮ್ಮನ ತಮ್ಮನ ಮಗ. ಆ ಸಂಬಂಧ ಕುದುರಿಸಿದವನು ಇದೇ ಅಣ್ಣ. ಇಷ್ಟು ವರ್ಷ ಅದಕ್ಕಾಗಿ ಅವನನ್ನು ಯಾರೂ ಬೈದಿಲ್ಲ. ನನ್ನ ಗಂಡ ಠಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಬೆಳಿಗ್ಗೆ ಹೋಗಿ ರಾತ್ರಿ ಬರುತ್ತಾರೆ. ಜಗಳಕ್ಕೆ ಸಮಯ ಸಿಕ್ಕಿದ್ದೇ ಕಡಿಮೆ. ಅದೂ ಒಂದು ಕೃಪೆ.

ನಾವು ಡೊಂಬಿವಲಿಯಲ್ಲಿ. ಅಣ್ಣ ಕಲ್ಯಾಣದಲ್ಲಿ. ಅವನದ್ದು ಸ್ವಂತ ಹೋಟೆಲು, ಕೆಳಗೆ ಇಡ್ಲಿ ವಡೆ, ಮೇಲೆ ಮನೆ. ಅತ್ತಿಗೆಗೆ ಮಕ್ಕಳಾಗಲಿಲ್ಲ. ಹರಕೆಗಳೆಲ್ಲ ಮುಗಿದ ಮೇಲೆ ಅವರು ಒಂದು ಲ್ಯಾಬ್ರಡಾರ್ ಮರಿ ತಂದುಕೊಂಡರು, ಹೆಣ್ಣು, ಕಪ್ಪು. ಅಣ್ಣ ಮೊದಲು ಕೂಗಾಡಿದ. ಹೋಟೆಲಿನವರ ಮನೆಯಲ್ಲಿ ನಾಯಿ ಇದ್ದರೆ ಗಿರಾಕಿ ಏನೆಂದುಕೊಳ್ಳುತ್ತಾರೆ ಎಂದ. ಗಿರಾಕಿಗಳು ಏನೂ ಅಂದುಕೊಳ್ಳಲಿಲ್ಲ. ಮೆಟ್ಟಿಲ ಕೆಳಗೆ ನಿಂತು ಅದರ ತಲೆ ಸವರಿ ಆಮೇಲೆ ಕೈ ತೊಳೆದುಕೊಂಡು ಇಡ್ಲಿ ತಿಂದರು.

ಅತ್ತಿಗೆ ಹೋದದ್ದು ಕಳೆದ ವರ್ಷದ ಹಿಂದಿನ ವರ್ಷ. ಅವರಿಗೆ ಇದ್ದವರು ಇಬ್ಬರು ತಮ್ಮಂದಿರು, ಅಕ್ಕತಂಗಿಯರಿಲ್ಲ. ಅಂದರೆ ಅವರ ಮನೆಯ ಬರಿ ಅವರೊಂದಿಗೇ ಮುಗಿಯಿತು. ಹನ್ನೊಂದನೆಯ ದಿನ ಊರಿಂದ ಬಂದ ಹಿರಿಯರೊಬ್ಬರು ಅದನ್ನು ಊಟದ ಎಲೆಯ ಮುಂದೆ ಕೂತು ಗಟ್ಟಿಯಾಗಿ ಹೇಳಿದರು. ಹೇಳಿ ಪಾಯಸ ಇನ್ನೊಮ್ಮೆ ಬಡಿಸಿಕೊಂಡರು.  ಅವತ್ತಿನಿಂದ ಅಣ್ಣನ ತಲೆಯಲ್ಲಿ ಒಂದೇ ಹುಳ. ಆ ನಾಯಿಯಿಂದ ಒಂದು ಹೆಣ್ಣು ಮರಿ ಆಗಬೇಕು, ಅದು ಅವನ ಮನೆಯಲ್ಲಿ ಉಳಿಯಬೇಕು.

"ಅವಳ ಕಡೆಯದ್ದು ಅಂತ ಒಂದು ಹೆಣ್ಣು ಉಳೀಲಿ ಮಾರಾಯ್ತಿ," ಎಂದ ನನ್ನ ಹತ್ತಿರ. "ಇದಕ್ಕೂ ವಯಸ್ಸಾಗ್ತಾ ಬಂತು. ಇನ್ನು ತಡ ಮಾಡಿದ್ರೆ ಡಾಕ್ಟ್ರೇ ಬೇಡ ಅಂತಾರೆ."

ನಾಯಿಗೂ ಅತ್ತಿಗೆಗೂ ರಕ್ತಸಂಬಂಧ ಇಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ನಾನು ನೆನಪಿಸಲಿಲ್ಲ.

ಇಷ್ಟರಲ್ಲಿ ನನ್ನ ಮಗಳು ಠಾಣೆಯಲ್ಲಿ ಪ್ರಾಣಿಗಳ ನರ್ಸಿಂಗ್ ಕೋರ್ಸಿಗೆ ಸೇರಿದ್ದಳು. ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆ ಬರೆಯುತ್ತಾಳೆ ಎಂದು ನಾವು ನಂಬಿಕೊಂಡಿದ್ದೆವು. ಭಜನಾ ಮಂಡಳಿಯಲ್ಲಿ ಹೆಂಗಸರು ಕೇಳಿದರೆ ನರ್ಸಿಂಗ್ ಎಂದಷ್ಟೇ ಹೇಳುತ್ತಿದ್ದೆ. ಯಾವ ಆಸ್ಪತ್ರೆ ಎಂದು ಕೇಳಿದವರಿಗೆ ನಾಯಿ ಬೆಕ್ಕಿನದ್ದು ಎಂದು ಹೇಳಬೇಕಾಗುತ್ತಿತ್ತು. ಒಬ್ಬರು, "ಅಯ್ಯೋ, ಹೋಗಲಿ ಬಿಡಿ, ಮೂಕ ಪ್ರಾಣಿಗಳು ಬಯ್ಯೋದಿಲ್ಲವಲ್ಲ," ಎಂದು ಸಮಾಧಾನ ಮಾಡಿದರು. ಕಚ್ಚುತ್ತವೆ, ಎಂದೆ.

ಅವಳ ಒಂದು ಪಾಠ ಅನುವಂಶೀಯತೆ, ಅಂದರೆ ಅಪ್ಪ ಅಮ್ಮನಿಂದ ಮರಿಗಳಿಗೆ ಏನು ಹೇಗೆ ಬರುತ್ತದೆ ಎಂಬುದು. ಬಾಯಿಪಾಠ ಒಪ್ಪಿಸಲು ಅವಳಿಗೆ ಒಬ್ಬರು ಬೇಕು. ಮನೆಯಲ್ಲಿ ಇರುವವಳು ನಾನು. ನಾನು ಬೀನ್ಸ್ ಸೋಸುತ್ತಾ ಕೇಳುತ್ತಿದ್ದೆ. ಪ್ರತಿಯೊಂದು ಗುಣಕ್ಕೂ ಒಳಗೆ ಒಂದು ಜೊತೆ ಇರುತ್ತದಂತೆ, ಒಂದು ತಾಯಿಯದು, ಒಂದು ತಂದೆಯದು. ಕೆಲವು ರೋಗಗಳು ಜೊತೆಯಲ್ಲಿ ಎರಡೂ ಕೆಟ್ಟಿದ್ದರೆ ಮಾತ್ರ ಬರುತ್ತವೆ. ಒಂದು ಕೆಟ್ಟು ಒಂದು ಸರಿಯಿದ್ದರೆ ಪ್ರಾಣಿ ಆರೋಗ್ಯವಾಗಿಯೇ ಇರುತ್ತದೆ, ಆದರೆ ಕೆಟ್ಟದ್ದನ್ನು ಮರಿಗೆ ದಾಟಿಸಬಹುದು.

"ಸಮಜ್ಲಂ ಕಾ ಅಮ್ಮ?" ಅರ್ಥವಾಯಿತಾ ಎಂದು ಮರಾಠಿಯಲ್ಲಿ ಕೇಳಿದಳು. ಇಲ್ಲಿ ಹುಟ್ಟಿದ ಮಕ್ಕಳು. ಕನ್ನಡದಲ್ಲಿ ಶುರು ಮಾಡಿ ಎಲ್ಲೆಲ್ಲಿಗೋ ಹೋಗುತ್ತವೆ.

"ನಮ್ಮ ಸೊಸೈಟಿಯ ಮೋಟರು," ಎಂದೆ.

ನಮ್ಮ ಕಟ್ಟಡದಲ್ಲಿ ಮೇಲಿನ ಟ್ಯಾಂಕಿಗೆ ನೀರೆತ್ತಲು ಎರಡು ಮೋಟರುಗಳಿವೆ. ಒಂದು ಸುಟ್ಟುಹೋಗಿ ಎಷ್ಟೋ ತಿಂಗಳು ಆಗಿತ್ತು. ಇನ್ನೊಂದು ಓಡುತ್ತಿತ್ತು, ನಲ್ಲಿಯಲ್ಲಿ ನೀರು ಬರುತ್ತಿತ್ತು, ಆದ್ದರಿಂದ ಸೆಕ್ರೆಟರಿಗೂ ಗೊತ್ತಿರಲಿಲ್ಲ, ದೇವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಎರಡನೆಯದೂ ಸುಟ್ಟ ದಿನ ಗಣೇಶ ಚೌತಿ. ಮಗಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಅರೆ, ಇದೇ ಹೇಳ್ತೇನೆ ನಾನು ವೈವಾದಲ್ಲಿ," ಎಂದಳು. ವೈವಾ ಎಂದರೆ ಬಾಯಿ ಪರೀಕ್ಷೆ.

ಇನ್ನೊಂದು ದಿನ ಅವಳು ವಂಶದ ನಕ್ಷೆ ಬರೆಯುವ ಅಭ್ಯಾಸ ಮಾಡುತ್ತಿದ್ದಳು. ಗಂಡಿಗೆ ಚೌಕ, ಹೆಣ್ಣಿಗೆ ದುಂಡು, ಜೋಡಿಯ ನಡುವೆ ಗೆರೆ. ನಾಯಿಗಳ ಮಾಹಿತಿ ಸಾಲದೆ ನಮ್ಮನ್ನೇ ಬರೆದಿದ್ದಳು. ನನ್ನ ಅಪ್ಪ ಅಮ್ಮನ ನಡುವೆ ಒಂದು ಗೆರೆ. ಅವಳ ಅಪ್ಪನ ಮತ್ತು ನನ್ನ ನಡುವೆ ಮಾತ್ರ ಎರಡು.

"ನಮಗೆ ಯಾಕೆ ಎರಡು ಗೆರೆ? ರೈಲು ಹಳಿಯಾ?"

"ಸಂಬಂಧಿಕರ ಒಳಗೇ ಆದ್ರೆ ಎರಡು ಗೆರೆ ಹಾಕ್ಬೇಕು ಅಮ್ಮ. ರೂಲ್ ಅದು."

ನನಗೇನೂ ಬೇಸರವಾಗಲಿಲ್ಲ. ಒಂದಕ್ಕಿಂತ ಎರಡು ಗಟ್ಟಿ ಎಂದುಕೊಂಡೆ. ಬೇಸರವಾದದ್ದು ಆ ಭಾನುವಾರ ಊಟಕ್ಕೆ ಬಂದ ಅಣ್ಣನಿಗೆ. ಅವಳು ಆ ಗೆರೆಯ ಅರ್ಥ ಹೇಳಿದಳು. ಹತ್ತಿರದವರಲ್ಲಿ ಒಂದೇ ಅಜ್ಜನಿಂದಲೋ ಅಜ್ಜಿಯಿಂದಲೋ ಬಂದ ಒಂದೇ ಕೆಟ್ಟ ಗುಣ ಇಬ್ಬರಲ್ಲೂ ಅಡಗಿರಬಹುದು, ಹಾಗಿದ್ದರೆ ಮಕ್ಕಳಲ್ಲಿ ಅದು ಜೊತೆಯಾಗುವ ಸಂಭವ ಹೆಚ್ಚು, ಎಂದಳು.

"ಅಂದ್ರೆ ನಾನು ಮಾಡಿಸಿದ ಮದುವೆ ತಪ್ಪು?"

"ತಪ್ಪು ಅಂತ ಎಲ್ಲಿ ಅಂದೆ ಮಾಮಾ? ಚಾನ್ಸ್ ಜಾಸ್ತಿ ಅಂದೆ. ಆಗೇ ಆಗ್ತದೆ ಅಂತಲ್ಲ. ನೋಡಿ, ನಾನು ಠೀಕ್ ಇದ್ದೇನಲ್ಲ?"

"ಠೀಕ್ ಇದ್ದವಳು ಬ್ಯಾಂಕಿಗೆ ಹೋಗ್ತಿದ್ದಳು," ಎಂದ ಅಣ್ಣ. ಆಮೇಲೆ ಸಾರು ಚೆನ್ನಾಗಿದೆ ಎಂದ. ಆ ದಿನ ಅಷ್ಟಕ್ಕೇ ಮುಗಿಯಿತು.

ಗಂಡು ಸಿಕ್ಕಿದ್ದು ನೆರೂಳಿನಲ್ಲಿ. ಉಡುಪಿ ಕಡೆಯವರು, ಬ್ಯಾಂಕಿನಿಂದ ನಿವೃತ್ತರು, ಅವರ ಲ್ಯಾಬ್ರಡಾರ್ ಕೂಡ ಕಪ್ಪು. ನಾಯಿಯನ್ನು ಲೋಕಲ್ ರೈಲಿನಲ್ಲಿ ಒಯ್ಯುವಂತಿಲ್ಲ, ಅಣ್ಣ ಕಾರು ಮಾಡಿದ. ನನ್ನನ್ನೂ ಮಗಳನ್ನೂ ಡೊಂಬಿವಲಿಯಲ್ಲಿ ಹತ್ತಿಸಿಕೊಂಡ. ಹೆಣ್ಣು ಬೆದೆಗೆ ಬರಲು ಇನ್ನೂ ಸಮಯವಿತ್ತು. ಇದು ಬರೀ ನೋಡುವ ಶಾಸ್ತ್ರ. ರಾಹುಕಾಲಕ್ಕೆ ಮೊದಲು ಅವರ ಹೊಸ್ತಿಲು ದಾಟಬೇಕು ಎಂದು ಲೆಕ್ಕ ಹಾಕಿ ಹೊರಟಿದ್ದೆವು. ರಾಹುಕಾಲ ಪೂರ್ತಿ ಶಿಳಫಾಟಾದ ಟ್ರಾಫಿಕ್ಕಿನಲ್ಲಿ ಕಳೆಯಿತು. ಒಳ್ಳೆಯದೇ ಆಯಿತು, ದಾರಿಯಲ್ಲೇ ಮುಗಿಯಿತು ಎಂದೆ.

"ಬನ್ನಿ ಬನ್ನಿ, ಕೂತ್ಕೊಳ್ಳಿ. ಹುಡುಗ ಒಳಗಿದ್ದಾನೆ," ಎಂದರು ಮನೆಯವರು. ಅವರ ಹೆಂಡತಿ ಕಾಫಿ ತಂದರು. ನಮ್ಮ ನಾಯಿಯನ್ನು ಮೇಲಿಂದ ಕೆಳಗೆ ನೋಡಿ, "ಲಕ್ಷಣವಾಗಿದ್ದಾಳೆ. ನಮ್ಮವನಿಗೂ ಸಿಟ್ಟಿಲ್ಲ ಮಾರಾಯ್ರೆ. ಚಪ್ಪಲಿ ಒಂದು ಕಚ್ತಾನೆ," ಎಂದರು.

"ಯಾವ ಚಪ್ಪಲಿ?" ಎಂದು ಅಣ್ಣ ಗಂಭೀರವಾಗಿ ಕೇಳಿದ.

"ಹೊಸದು ಮಾತ್ರ."

ಹುಡುಗ ಬಂದ. ಬಂದವನು ನನ್ನ ಸೀರೆಯ ಅಂಚಿಗೆ ಜೊಲ್ಲು ಸುರಿಸಿ ಹೆಣ್ಣಿನ ಪಕ್ಕದಲ್ಲಿ ಮಲಗಿದ. ಎರಡೂ ಒಪ್ಪಿದಂತೆ ಕಂಡಿತು. ಆಗ ಮಾತು ಎಲ್ಲಿಂದ ತಂದಿರಿ ಎಂಬಲ್ಲಿಗೆ ಬಂತು. ಅವರು, ಅಂಬರನಾಥದಲ್ಲಿ ಒಂದು ಬಂಗಲೆಯಿಂದ, ಎಂದರು. ಅಣ್ಣನ ಮುಖ ಅರಳಿತು. ಅತ್ತಿಗೆ ತಂದದ್ದೂ ಅಲ್ಲಿಂದಲೇ.

"ಅಲ್ಲಿ ಚಾಕೊಲೇಟ್ ಬಣ್ಣದ್ದು ಒಂದು ದೊಡ್ಡ ಗಂಡು, ಕಿವಿ ಸ್ವಲ್ಪ ಹರಿದದ್ದು?"

"ಅದೇ ನಮ್ಮವನ ಅಪ್ಪ!"

"ನಮ್ಮವಳ ಅಪ್ಪನೂ ಅದೇ! ತಾಯಿ ಯಾವುದು ನಿಮ್ಮದ್ದರ?"

"ಕಪ್ಪು. ಬದಲಾಪುರದವರ ನಾಯಿ."

"ನಮ್ಮದ್ದರ ತಾಯಿ ಆ ಬಂಗಲೆಯದ್ದೇ, ಬೇರೆ. ಆಯ್ತಲ್ಲ ಮತ್ತೆ! ಬರಿ ಬೇರೆ!" ಎಂದು ಅಣ್ಣ ನನ್ನತ್ತ ತಿರುಗಿ ಹೇಳಿದ. ಮನೆತನ ಗೊತ್ತಿದ್ದದ್ದು, ಬರಿ ಬೇರೆ. ಇದಕ್ಕಿಂತ ಒಳ್ಳೆಯ ಸಂಬಂಧ ಮನುಷ್ಯರಿಗೂ ಸಿಕ್ಕುವುದು ಕಷ್ಟ. ಇಬ್ಬರೂ ಕೈ ಕುಲುಕಿದರು. ಮನೆಯಾಕೆ ಸಕ್ಕರೆ ತಂದು ಎಲ್ಲರ ಅಂಗೈಗೆ ಹಾಕಿದರು. ನಾಯಿಗಳಿಗೂ ಹಾಕಲು ಹೋದಾಗ ಮಗಳು ಬೇಡ ಎಂದಳು.

"ಆ ಅಪ್ಪ ಈಗ ಹೇಗಿದ್ದಾನೆ ಅಂಕಲ್?" ಎಂದು ಕೇಳಿದಳು.

"ಇದ್ದಾನಂತೆ. ಕಣ್ಣು ಹೋಗಿದೆಯಂತೆ ಪಾಪ. ವಯಸ್ಸು."

ಮಗಳು ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಕೂತಳು. ಕಾರು ಹತ್ತುವ ಹೊತ್ತಿಗೆ ಅದು ಅಂಗೈಗೆ ಅಂಟಿತ್ತು.

ದಾರಿಯಲ್ಲಿ ಶುರುವಾದ ಜಗಳ ಡೊಂಬಿವಲಿಯವರೆಗೆ ನಡೆಯಿತು. ಲ್ಯಾಬ್ರಡಾರ್‌ಗಳಲ್ಲಿ ಒಂದು ಕಣ್ಣಿನ ರೋಗ ಇದೆಯಂತೆ. ಮೊದಲು ಕತ್ತಲಲ್ಲಿ ಕಾಣುವುದು ನಿಲ್ಲುತ್ತದೆ, ಆಮೇಲೆ ಹಗಲಲ್ಲೂ. ಔಷಧ ಇಲ್ಲ. ಮರಿಯಾಗಿದ್ದಾಗ ಏನೂ ಗೊತ್ತಾಗುವುದಿಲ್ಲ. ಅಪ್ಪನಿಗೆ ಅದೇ ಆಗಿದ್ದರೆ ಅವನ ಜೊತೆಯಲ್ಲಿ ಎರಡೂ ಕೆಟ್ಟದ್ದೇ ಎಂದಾಯಿತು. ಹಾಗಾದರೆ ಅವನು ಪ್ರತಿ ಮರಿಗೂ ಕೊಟ್ಟದ್ದು ಕೆಟ್ಟದ್ದೇ, ಕೊಡಲು ಬೇರೆ ಇರಲಿಲ್ಲ. ನಮ್ಮ ಹೆಣ್ಣಿನಲ್ಲಿ ಒಂದು, ಅವರ ಗಂಡಿನಲ್ಲಿ ಒಂದು. ಎರಡನ್ನೂ ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿ ಕುರುಡಾಗುತ್ತದೆ, ಎಂದಳು.

"ತಾಯಿ ಬೇರೆ ಅಲ್ವಾ ಮಗಾ," ಎಂದ ಅಣ್ಣ, ತಾಳ್ಮೆಯಿಂದ.

"ತಾಯಿ ಬೇರೆ, ಅಪ್ಪ ಒಬ್ಬನೇ! ಅಣ್ಣ ತಂಗಿ ಆಗ್ತಾರೆ ಮಾಮಾ."

"ಅದು ಮನುಷ್ಯರಿಗೆ. ನಾಯಿಯಲ್ಲಿ ಅಪ್ಪ ಎಂತದು? ಬಂದ, ಹೋದ. ಮನೆ ನಡೆಸಿದ್ದು ತಾಯಿ, ಹಾಲು ಕೊಟ್ಟದ್ದು ತಾಯಿ."

"ಹಾಲು ಕೊಡ್ಲಿಕ್ಕೆ ಬರ್ಲಿಲ್ಲ, ಆದ್ರೆ ಅರ್ಧ ಕೊಟ್ಟು ಹೋದ. ಬರಾಬರ್ ಅರ್ಧ. ಅಮ್ಮನಷ್ಟೇ."

"ಸರಿ. ನಾಲ್ಕರಲ್ಲಿ ಒಂದಲ್ವಾ? ನಾಲ್ಕು ಹುಟ್ಟಿದ್ರೆ ಮೂರು ಸರಿ. ನನಗೆ ಒಂದು ಸಾಕು."

ಆಗ ನಾನು ಬಾಯಿ ಹಾಕಿದೆ. ನಮ್ಮ ದೊಡ್ಡಮ್ಮನಿಗೆ ಮೊದಲ ನಾಲ್ಕೂ ಗಂಡುಮಕ್ಕಳು. ಬರಿ ಉಳಿಯಲು ಹೆಣ್ಣು ಬೇಕು. ಪ್ರತಿ ಸಲ, ಈ ಸಲ ಹೆಣ್ಣಿನ ಸರದಿ ಎಂದು ಹರಕೆ ಹೊರುತ್ತಿದ್ದರು. ಐದನೆಯದೂ ಗಂಡೇ. ದೇವರು ಸರದಿ ನೋಡಿ ಕೊಡುವುದಿಲ್ಲ ಅಣ್ಣ, ಪ್ರತಿ ಸಲ ಹೊಸದಾಗಿ ಕೈ ಹಾಕುತ್ತಾನೆ, ಎಂದೆ. ನಾಲ್ಕಕ್ಕೆ ನಾಲ್ಕೂ ಕಣ್ಣಿರುವುದು ಬರಬಹುದು, ಅವನಿಗೆ ಬೇಕಾದ ಒಂದೇ ಹೆಣ್ಣು ಕುರುಡಾಗಲೂಬಹುದು. ಮಗಳು ನನ್ನನ್ನು ನೋಡಿ, ತಾನು ಹೇಳಿದ್ದಕ್ಕಿಂತ ಅದೇ ಸರಿ, ಪ್ರತಿ ಮರಿಗೂ ಬೇರೆ ಬೇರೆ ಲೆಕ್ಕ, ಎಂದಳು.

ಅಣ್ಣನಿಗೆ ಸಿಟ್ಟು ಬಂದದ್ದು ಆಗ. "ಅಮ್ಮ ಮಗಳು ಸೇರಿ ನನ್ನ ಹೆಂಡತಿಯ ನಾಯಿಗೆ ರೋಗ ಅಂತೀರಿ. ಮೊನ್ನೆ ನನ್ನ ತಂಗಿಯ ಮದುವೆಗೆ ಎರಡು ಗೆರೆ ಹಾಕಿದಳು. ನಾಳೆ ನನ್ನ ಇಡ್ಲಿಗೆ ಹಾಕ್ತಾಳೆ. ನಾನು ನೆರೂಳಿನವರಿಗೆ ಮಾತು ಕೊಟ್ಟು ಆಗಿದೆ."

ನಮ್ಮನ್ನು ಇಳಿಸಿ ಹೋದ. ಹಿಂದಿನ ಸೀಟಿನಿಂದ ನಾಯಿ ಮಾತ್ರ ತಿರುಗಿ ನೋಡಿತು.

ಒಂದು ವಾರ ಫೋನಿಲ್ಲ. ಮಗಳು ಅಂಬರನಾಥಕ್ಕೆ ಹೋಗಿ ಆ ಅಪ್ಪನನ್ನು ನೋಡಿಬರುತ್ತೇನೆ ಎಂದಳು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ, ಅಲ್ಲಿ ಹಳೆಯ ಶಿವನ ದೇವಸ್ಥಾನವೂ ಇದೆಯಲ್ಲ, ಸೋಮವಾರ ನಾನೂ ಬರುತ್ತೇನೆ ಎಂದೆ. ಅಣ್ಣನಿಗೂ ಹೇಳಿದೆ. ದೇವಸ್ಥಾನಕ್ಕೆ ಎಂದು ಮಾತ್ರ ಹೇಳಿದೆ. "ಆ ಬಂಗಲೆಗೂ ಹೋಗುವ," ಎಂದು ಅವನೇ ಅಂದ. "ಅದು ವಯಸ್ಸಿಗೆ ಹೋದ ಕಣ್ಣು ಅಂತ ಇವಳಿಗೆ ತೋರಿಸ್ತೇನೆ." ಅವನು ಕಲ್ಯಾಣದಲ್ಲಿ ನಮ್ಮ ಡಬ್ಬಿಗೇ ಹತ್ತಿದ. ನನಗೆ ಕಿಟಕಿ ಸೀಟು ಸಿಕ್ಕಿತ್ತು. ಕರ್ಜತ್ ಲೋಕಲಿನಲ್ಲಿ ಅದು ಸಣ್ಣ ವಿಷಯವಲ್ಲ.

ಬಂಗಲೆಯಲ್ಲಿ ಒಬ್ಬರು ವಯಸ್ಸಾದ ಮರಾಠಿ ಹೆಂಗಸು ಇದ್ದರು, ಅಂಥವರನ್ನು ಇಲ್ಲಿ ಬಾಯಿ ಎನ್ನುತ್ತೇವೆ. ಅತ್ತಿಗೆಯ ನೆನಪು ಅವರಿಗಿತ್ತು. ಹೋಟೆಲಿನ ಶಿರಾ ತಂದುಕೊಟ್ಟವರಲ್ಲವೇ ಎಂದರು. ನಾಯಿ ಅಂಗಳದ ಆ ತುದಿಯಲ್ಲಿ ಮಲಗಿತ್ತು. ಅಣ್ಣ ನಾಯಿಗಳನ್ನು ಕರೆಯುವಾಗ ನಾಲಗೆಯಿಂದ ಒಂದು ಸದ್ದು ಮಾಡುತ್ತಾನೆ, ಅತ್ತಿಗೆಯಿಂದ ಕಲಿತದ್ದು. ಆ ಸದ್ದಿಗೆ ಮುದಿ ನಾಯಿ ಎದ್ದು ಬಾಲ ಅಲ್ಲಾಡಿಸುತ್ತಾ ನೇರ ಅವನತ್ತ ಓಡಿಬಂತು. ನಡುವೆ ನಿಲ್ಲಿಸಿದ್ದ ಸ್ಕೂಟರಿಗೆ ಮುಖ ಹೊಡೆದುಕೊಂಡಿತು. ಅರಚಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು ಸ್ಕೂಟರನ್ನು ಮೂಸಿ, ಸುತ್ತು ಹಾಕಿ, ಮತ್ತೆ ಬಂತು. ಅಭ್ಯಾಸವಾದ ಹಾಗೆ ಕಂಡಿತು.

"ಸ್ಕೂಟರು ದಿನಾ ಅಲ್ಲಿರೋದಿಲ್ಲ," ಎಂದರು ಬಾಯಿ, ಕ್ಷಮೆ ಕೇಳುವಂತೆ.

ಮಗಳು ಕೂತು ಅದರ ಕಣ್ಣಿಗೆ ಮೊಬೈಲಿನ ಬೆಳಕು ಬಿಟ್ಟಳು. ಕಣ್ಣಿನ ಒಳಗೆ ಹಸಿರು ಹೊಳೆಯಿತು, ತೊಳೆದಿಟ್ಟ ಸ್ಟೀಲಿನ ಹಾಗೆ. ವಯಸ್ಸಿಗೆ ಬರುವ ಪೊರೆ ಇರಲಿಲ್ಲ. ಯಾವಾಗಿನಿಂದ ಎಂದು ಕೇಳಿದಳು. ಬಾಯಿ ಯೋಚಿಸಿ, ಇದು ಗಟ್ಟಿಮುಟ್ಟಾಗಿ ಇದ್ದಾಗಲೇ ರಾತ್ರಿ ಮೆಟ್ಟಿಲು ಇಳಿಯಲು ಹಟ ಮಾಡುತ್ತಿತ್ತು, ಸೋಮಾರಿ ಎಂದು ಬಯ್ಯುತ್ತಿದ್ದೆವು, ಎಂದರು. ಆಗ ಗೊತ್ತಿದ್ದರೆ ಮರಿ ಮಾಡಿಸುತ್ತಿರಲಿಲ್ಲ, ಎಂದೂ ಹೇಳಿದರು. ಯಾರೂ ಅವರನ್ನು ಏನೂ ಅಂದಿರಲಿಲ್ಲ.

"ಇದೇ ಅಂತ ಹೇಳ್ಲಿಕ್ಕೆ ನಾನು ಡಾಕ್ಟರ್ ಅಲ್ಲ ಮಾಮಾ," ಎಂದಳು ಮಗಳು ಮೆಲ್ಲಗೆ. "ಡಾಕ್ಟರ್ ನೋಡಬೇಕು. ನಮ್ಮದ್ದಕ್ಕೂ ಟೆಸ್ಟ್ ಮಾಡಿಸಬಹುದು."

ಅಣ್ಣ ತಂದಿದ್ದ ಬಿಸ್ಕೀಟನ್ನು ನಾಯಿಯ ಮುಂದೆ ಹಿಡಿದ. ಅದು ಅವನ ಮಣಿಕಟ್ಟು ನೆಕ್ಕಿ, ಆಮೇಲೆ ಬೆರಳು, ಆಮೇಲೆ ಬಿಸ್ಕೀಟು ಹುಡುಕಿಕೊಂಡಿತು.

ಅಲ್ಲಿಂದ ದೇವಸ್ಥಾನಕ್ಕೆ ಹೋದೆವು. ಅಲ್ಲಿ ಲಿಂಗ ಇರುವುದು ನೆಲದ ಮಟ್ಟದಿಂದ ಕೆಳಗೆ. ಮೆಟ್ಟಿಲಿಳಿದು ಗರ್ಭಗುಡಿಗೆ ಹೋಗಬೇಕು. ಹೊರಗಿನ ಬಿಸಿಲಿನಿಂದ ಒಳಗೆ ಹೋದರೆ ಒಂದು ಕ್ಷಣ ಏನೂ ಕಾಣುವುದಿಲ್ಲ. ಅಣ್ಣ ನನ್ನ ಮುಂದೆ ಇಳಿಯುತ್ತಿದ್ದ. ಗೋಡೆಗೆ ಅಂಗೈ ಒತ್ತಿ, ಪ್ರತಿ ಮೆಟ್ಟಿಲಿನ ಅಂಚನ್ನು ಪಾದದಿಂದ ತಡವಿ, ಆಮೇಲೆ ಇನ್ನೊಂದು ಪಾದ. ನಡುವೆ ನಿಂತುಬಿಟ್ಟ. ಹಿಂದಿನಿಂದ ಯಾರೋ "ಚಲಾ, ಚಲಾ" ಎಂದರು. ನಾನು ಅವನ ಬೆನ್ನಿಗೆ ಕೈ ಇಟ್ಟೆ, ಇಳಿದ.

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಾ, "ನೆರೂಳಿಗೆ ನಾನೇ ಫೋನ್ ಮಾಡ್ತೇನೆ," ಎಂದ.

ಮಾಡಿದ. ನಮ್ಮೆದುರಿಗೇ, ಸ್ಟೇಷನ್ನಿನ ಬೆಂಚಿನ ಮೇಲೆ ಕೂತು. ಮುಹೂರ್ತ ಕೂಡಿಬರಲಿಲ್ಲ ಎಂದು ಶುರು ಮಾಡಿದವನ ತೋಳನ್ನು ಮಗಳು ಚಿವುಟಿದಳು. ಆ ಗಂಡಿನಲ್ಲೂ ಅದೇ ಇದೆ, ಅವರು ಬೇರೆ ಕಡೆ ಕೂಡಿಸುವ ಮೊದಲು ಪರೀಕ್ಷೆ ಮಾಡಿಸಬೇಕು, ನಿಜ ಹೇಳಿ, ಎಂದಳು. ಅಣ್ಣ ಗಂಟಲು ಸರಿಮಾಡಿಕೊಂಡು, "ಹಾಗಲ್ಲ ಮಾರಾಯ್ರೆ. ವಿಷಯ ಎಂತ ಅಂದ್ರೆ, ಇಬ್ಬರೂ ಒಂದೇ ಅಪ್ಪನ ಮಕ್ಕಳು. ಅಣ್ಣ ತಂಗಿ ಆಗ್ತಾರೆ," ಎಂದ.

ಆ ಕಡೆಯ ಧ್ವನಿ ನಮಗೂ ಕೇಳಿತು. "ಅದು ಅವತ್ತೇ ಗೊತ್ತಿತ್ತಲ್ಲ?"

"ಗೊತ್ತಿತ್ತು," ಎಂದ ಅಣ್ಣ. "ಈಗ ಅರ್ಥ ಆಯ್ತು." ಮತ್ತೆ ಕಣ್ಣಿನ ವಿಷಯವನ್ನೂ ಬಿಡದೆ ಹೇಳಿದ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಪರೀಕ್ಷೆ ಎಲ್ಲಿ ಮಾಡಿಸುವುದು ಎಂದು ಕೇಳಿದರು. ಅಂಥವರೂ ಇದ್ದಾರೆ.

ಕ್ಲಿನಿಕ್ಕಿನಲ್ಲಿ ನಮ್ಮ ನಾಯಿಯ ಕೆನ್ನೆಯ ಒಳಭಾಗವನ್ನು ಸಣ್ಣ ಬ್ರಷ್ಷಿನಿಂದ ಉಜ್ಜಿ, ಆ ಬ್ರಷ್ಷನ್ನು ಲ್ಯಾಬಿಗೆ ಕಳಿಸಿದರು. ಫಲಿತಾಂಶ ಬರುವವರೆಗೆ ಅಣ್ಣ ದಿನವೂ ಸಂಜೆ ಮನೆಯ ದೀಪ ಆರಿಸಿ ನಾಯಿಯನ್ನು ಕರೆಯುತ್ತಿದ್ದನಂತೆ. ಅದು ಸರಿಯಾಗಿಯೇ ಬರುತ್ತಿತ್ತಂತೆ. ಅವನೇ ಒಂದು ಸಲ ಟೀಪಾಯಿಗೆ ಎಡವಿ ಮೊಣಕಾಲು ಊದಿಸಿಕೊಂಡ. ಮಗಳು ಹೇಳಿದ್ದೇ ಬಂತು. ಒಂದು ಕೆಟ್ಟದ್ದು, ಒಂದು ಒಳ್ಳೆಯದು. ನಾಯಿಗೆ ಆ ರೋಗ ಬರುವುದಿಲ್ಲ. ನಾನು ಶನಿವಾರದ ಭಜನೆಯಲ್ಲಿ ಒಂದು ತೆಂಗಿನಕಾಯಿ ಹೆಚ್ಚಿಗೆ ಒಡೆಸಿದೆ. ಯಾಕೆ ಎಂದವರಿಗೆ ಮನೆಯವರ ಕಣ್ಣು ಚೆನ್ನಾಗಿದೆ ಎಂದು ಹೇಳಿದೆ. ಸುಳ್ಳಲ್ಲ.

ಮರಿ ಮಾಡಿಸಬಹುದು, ಆದರೆ ಗಂಡಿನ ಜೊತೆಯಲ್ಲಿ ಎರಡೂ ಒಳ್ಳೆಯದೇ ಇರಬೇಕು, ಪರೀಕ್ಷೆಯಾದದ್ದೇ ಬೇಕು, ಎಂದರು ಕ್ಲಿನಿಕ್ಕಿನ ಡಾಕ್ಟರು. ಹಾಗಾದರೆ ಒಂದು ಮರಿಯೂ ಈ ರೋಗದಿಂದ ಕುರುಡಾಗುವುದಿಲ್ಲ. ಕೆಲವಕ್ಕೆ ಕೆಟ್ಟದ್ದೊಂದು ಒಳಗೊಳಗೇ ಹೋಗಬಹುದು, ಅಷ್ಟೆ.

ಅಂಥ ಗಂಡು ಠಾಣೆಯಲ್ಲಿ ಸಿಕ್ಕಿತು. ನಿವೃತ್ತ ಶಾಲಾ ಶಿಕ್ಷಕಿಯೊಬ್ಬರ ನಾಯಿ, ಅದೂ ಕಪ್ಪೇ. ಈ ಸಲ ಅಣ್ಣ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಲೇ, "ಇಸ್ಕಾ ಬಾಪ್ ಕೌನ್ ಹೈ?" ಎಂದು ಅಪ್ಪನ ವಿಚಾರವನ್ನೇ ಹಿಂದಿಯಲ್ಲಿ ಕೇಳಿದ. ಟೀಚರು ಕನ್ನಡಕದ ಮೇಲಿಂದ ನೋಡಿ, "ಆಧೀ ಬಸಾ ತರೀ," ಎಂದರು. ಮೊದಲು ಕೂತುಕೊಳ್ಳಿ ಎಂದರ್ಥ. ಕೂತ. ಬಾಪ್ ಪುಣೆಯವನು, ಬಾಪಿನ ಬಾಪ್ ನಾಸಿಕದವನು, ಅಂಬರನಾಥದ ಕಡೆಗೆ ಯಾರೂ ಹಾಯ್ದಿಲ್ಲ ಎಂದು ಖಾತ್ರಿಯಾದ ಮೇಲೆ ಚಹಾ ಕುಡಿದ. ತಾಯಿಯ ವಿಷಯ ಕೇಳಲು ಮರೆತ. ಮಗಳು ಕೇಳಿದಳು.

ಮರಿಗಳು ಮಳೆಗಾಲದಲ್ಲಿ ಹುಟ್ಟಿದವು. ಹೋಟೆಲು ಬಾಗಿಲು ಹಾಕಿದ ದಿನ, ನೀರು ತುಂಬಿ ಗಿರಾಕಿಗಳಿಲ್ಲದ ದಿನ. ಅಣ್ಣನ ಪಾಲಿಗೆ ಅದು ಅನುಕೂಲವೇ ಆಯಿತು. ಐದು ಮರಿಗಳು. ನಾಲ್ಕು ಕಪ್ಪು, ನಾಲ್ಕೂ ಗಂಡು. ಒಂದೇ ಒಂದು ಹೆಣ್ಣು. ಅದು ಹಳದಿ, ಉದ್ದಿನ ವಡೆ ಎಣ್ಣೆಗೆ ಬಿಟ್ಟು ಆಗಷ್ಟೇ ಬಣ್ಣ ತಿರುಗುವಾಗ ಇರುತ್ತದಲ್ಲ, ಆ ಬಣ್ಣ.

ನಾವು ಹೋದಾಗ ಅಣ್ಣ ಮರಿಗಳ ಪೆಟ್ಟಿಗೆಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. "ಅಮ್ಮ ಕಪ್ಪು, ಅಪ್ಪ ಕಪ್ಪು. ಇದು ಯಾರದ್ದು?" ಎಂದ. ಧ್ವನಿಯಲ್ಲಿ ಸಂಶಯಕ್ಕಿಂತ ಹೆಚ್ಚಾಗಿ ದುಃಖ ಇತ್ತು. ಅತ್ತಿಗೆಯ ನಾಯಿಯ ಹಾಗೆಯೇ ಇನ್ನೊಂದು ಕಪ್ಪು ಹೆಣ್ಣನ್ನು ಅವನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ನೆಲ ಒರೆಸುವ ಹೆಂಗಸು ಆಗಲೇ ಠಾಣೆಯ ಟೀಚರ ಮೇಲೆ ಅನುಮಾನಪಟ್ಟು ಹೋಗಿದ್ದಳು, ಬೇರೆ ನಾಯಿಯನ್ನು ಬಿಟ್ಟಿರಬೇಕೆಂದು.

"ಹಳದಿಯೂ ಅಡಗಿಕೊಂಡು ಬರುವಂಥದ್ದೇ ಮಾಮಾ," ಎಂದಳು ಮಗಳು. "ಅಮ್ಮನಲ್ಲಿ ಒಂದು, ಅಪ್ಪನಲ್ಲಿ ಒಂದು ಇದ್ದಿರಬೇಕು. ಹೊರಗೆ ಕಪ್ಪು ಕಾಣ್ತಿತ್ತು. ಇವಳಲ್ಲಿ ಎರಡೂ ಕೂಡಿತು. ರೋಗ ಅಲ್ಲ ಇದು, ಬಣ್ಣ."

ಅಣ್ಣ ಎದ್ದು ಅಂಬರನಾಥದ ಬಾಯಿಗೆ ಫೋನು ಹಚ್ಚಿದ. ಮುದಿ ಗಂಡಿನ ಆರೋಗ್ಯ ವಿಚಾರಿಸಿದ. ಆಮೇಲೆ, ನಮ್ಮವಳ ತಾಯಿ ಯಾವ ಬಣ್ಣ ಇತ್ತು ಎಂದು ಕೇಳಿದ. ಪಿವಳೀ, ಎಂದರು ಬಾಯಿ. ಹಳದಿ.

ಫೋನು ಇಟ್ಟವನ ಮುಖ ನೋಡಬೇಕಿತ್ತು. "ಕೇಳಿದ್ಯಾ? ಅಜ್ಜಿಯದ್ದು! ಅಮ್ಮನ ಅಮ್ಮನದ್ದು, ನೇರ ಹೆಣ್ಣಿಂದ ಹೆಣ್ಣಿಗೆ. ಇದಕ್ಕೇ ಅಲ್ವಾ ಬರಿ ಅನ್ನೋದು?"

"ಅರ್ಧ ಮಾತ್ರ ಅಲ್ಲಿಂದ! ಇನ್ನರ್ಧ ಆ ಠಾಣೆಯ ಅಪ್ಪ ಕೊಡದಿದ್ರೆ ಇವಳು ಹಳದಿ ಆಗ್ತಾನೇ ಇರ್ಲಿಲ್ಲ!"

"ಕೊಟ್ಟ, ಪಾಪ. ಯಾರು ಬೇಡ ಅಂದ್ರು?"

ಮರಿಗಳು ಸ್ವಲ್ಪ ದೊಡ್ಡವಾದ ಮೇಲೆ ಹೆಣ್ಣುಮರಿಯ ಕೆನ್ನೆಯೊಳಗೂ ಬ್ರಷ್ಷಿನಿಂದ ಉಜ್ಜಿ ಪರೀಕ್ಷೆಗೆ ಕಳಿಸಬೇಕೆಂದು ಮಗಳು ಹೇಳಿದ್ದಳು. ಅದರ ಕಣ್ಣಿಗೆ ಭಯವಿಲ್ಲ; ಮುಂದೆ ಅದಕ್ಕೆ ಜೋಡಿ ನೋಡುವಾಗ ಗೊತ್ತಿರಬೇಕು, ಅಷ್ಟಕ್ಕೆ. ಆದರೆ ತಾಯಿಯ ಹಾಲು ಕುಡಿದ ಬಾಯಿಂದ ತೆಗೆದರೆ ತಾಯಿಯದ್ದೇ ಅಂಟಿಕೊಂಡು ಬರಬಹುದು, ಸ್ವಲ್ಪ ಹೊತ್ತು ಬೇರೆ ಇಡಬೇಕು. ಆ ಕೆಲಸ ಅಣ್ಣ ಯಾರಿಗೂ ಕೊಡಲಿಲ್ಲ. ಮರಿಯನ್ನು ಪಂಚೆಯ ಮಡಿಲಿನಲ್ಲಿ ಹಾಕಿಕೊಂಡು ಮೇಲಿನ ಹಜಾರದಲ್ಲಿ ಆಚೆ ಈಚೆ ನಡೆದ. ಅದು ತಾಯಿಗಾಗಿ ಕುಂಯ್ ಕುಂಯ್ ಎಂದು ಅತ್ತಿತು. ಅತ್ತಿಗೆಯ ಫೋಟೋದ ಮುಂದೆ ಬಂದಾಗಲೆಲ್ಲ ಅವನು ಒಂದು ಕ್ಷಣ ನಿಂತು ಹೋಗುತ್ತಿದ್ದ, ತೋರಿಸುವವನ ಹಾಗೆ. ಕೆಳಗಿಂದ ಸಾಂಬಾರಿಗೆ ಉಪ್ಪು ಎಷ್ಟು ಎಂದು ಅಡುಗೆಯವನು ಕೂಗಿದ. ನೀನೇ ನೋಡಿ ಹಾಕು ಎಂದ. ಹೋಟೆಲು ಶುರು ಮಾಡಿದಂದಿನಿಂದ ಅವನ ಬಾಯಲ್ಲಿ ನಾನು ಆ ಮಾತು ಕೇಳಿರಲಿಲ್ಲ.

ಮಗಳು ಬ್ರಷ್ಷಿನ ಪೊಟ್ಟಣ ಒಡೆದಳು. ಅಣ್ಣ ಎರಡು ಬೆರಳಿನಿಂದ ಮರಿಯ ತುಟಿ ಬಿಡಿಸಿ ಹಿಡಿದ. "ಮೆಲ್ಲ, ಮಗಾ," ಎಂದ. "ಅದಕ್ಕೆ ನೋಯಬಾರದು."